ನೀರಿನ ಹರಿವು ಮರಳಿದ ಮಾತ್ರಕ್ಕೆ ಪೊರೆ ಸ್ವಚ್ಛವಾಯಿತೇ?

ಹಾಲೊಡಕು ಸೋಸುವ ಪೊರೆಯನ್ನು ಕ್ಷಾರದಿಂದ ತೊಳೆದು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ, ಹೊಸ ಪೊರೆ 25 ಡಿಗ್ರಿಯಲ್ಲಿ ಕೊಟ್ಟಷ್ಟೇ ನೀರು ಹರಿಯಿತೆಂದು ಬರೆದಿದ್ದೀರಿ. ಪೊರೆ ಇನ್ನೂ ಸ್ವಚ್ಛವಾಗಿಲ್ಲ. ಡಾರ್ಸಿ ನಿಯಮದಂತೆ ಹರಿವು, ಒತ್ತಡವನ್ನು ಸ್ನಿಗ್ಧತೆ (ದ್ರವದ ಮಂದತೆ) ಮತ್ತು ಒಟ್ಟು ರೋಧ (ಪೊರೆ ಹಾಗೂ ಅದರಲ್ಲಿನ ಕೊಳೆ ಹರಿವಿಗೆ ಒಡ್ಡುವ ತಡೆ) ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟಿರುತ್ತದೆ. ನೀರಿನ ಸ್ನಿಗ್ಧತೆ 25 ಡಿಗ್ರಿಯಲ್ಲಿ ಸುಮಾರು 0.89, 50 ಡಿಗ್ರಿಯಲ್ಲಿ ಸುಮಾರು 0.55 ಮಿಲಿಪಾಸ್ಕಲ್ ಸೆಕೆಂಡ್ ಆಗಿರುವುದರಿಂದ, ಒತ್ತಡ ಒಂದೇ ಆಗಿದ್ದಲ್ಲಿ ನಿಮ್ಮ ಪೊರೆಯ ರೋಧ ಹೊಸದರ ಸುಮಾರು 1.6 ಪಟ್ಟಿದೆ.

ಉಳಿದಿರುವುದು ಬಹುಶಃ ಕ್ಯಾಲ್ಸಿಯಂ ಫಾಸ್ಫೇಟ್, ಏಕೆಂದರೆ ಕ್ಷಾರವು ಪ್ರೋಟೀನನ್ನು ಬಿಡಿಸುತ್ತದೆಯೇ ಹೊರತು ಈ ಖನಿಜವನ್ನಲ್ಲ. ತಯಾರಕರ ಪಿಎಚ್ ಮಿತಿಯೊಳಗೆ ಆಮ್ಲದಿಂದಲೂ ತೊಳೆದು, ಪ್ರತಿ ಹಂತದ ಬಳಿಕ ಒಂದೇ ತಾಪಮಾನದಲ್ಲಿ ರೋಧವನ್ನು ಅಳೆದರೆ, ಒಟ್ಟು ರೋಧದಲ್ಲಿ ಪ್ರೋಟೀನ್ ಮತ್ತು ಖನಿಜ ಎರಡರ ಪಾಲನ್ನೂ ಬೇರ್ಪಡಿಸಬಹುದು. ಕ್ಲೋರಿನ್ ಬಳಸಿದ್ದರೆ ಆಮ್ಲಕ್ಕೆ ಮುನ್ನ ದಯವಿಟ್ಟು ಪೂರ್ತಿಯಾಗಿ ಜಾಲಿಸಿ; ಅವೆರಡೂ ಬೆರೆತರೆ ವಿಷಾನಿಲ ಹೊರಡುತ್ತದೆ.