ಟ್ರಂಕಿನಲ್ಲಿದ್ದ ಫೈಲು

ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.

2025ರ ಜುಲೈ ತಿಂಗಳು ಹಾಸನದಲ್ಲಿದ್ದವರಿಗೆ ಚೆನ್ನಾಗಿ ನೆನಪಿರುತ್ತದೆ. ಬೆಳಗ್ಗೆ ಟೀವಿ ಹಾಕಿದರೆ ಹೃದಯಾಘಾತ, ಸಂಜೆ ಮೊಬೈಲು ತೆಗೆದರೆ ಅದೇ. ಚಿಕ್ಕ ವಯಸ್ಸಿನವರ ಸಾವಿನ ಸುದ್ದಿ ಒಂದರ ಹಿಂದೆ ಒಂದು. ಸರ್ಕಾರ ತಜ್ಞರ ಸಮಿತಿ ಮಾಡಿತು. ಜನ ಮಾತ್ರ ನಸುಕಿಗೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಆಪ್ತಸಲಹೆಗೆ ನನ್ನ ಹತ್ತಿರ ಬರುವವರಲ್ಲೂ ಬಹಳ ಜನರದ್ದು ಅದೇ ಕತೆ. ಎದೆ ಡವಡವ, ನಿದ್ದೆ ಇಲ್ಲ, ಇಸಿಜಿ ನಾರ್ಮಲ್.

ಮಂಜು ಬಂದಿದ್ದೂ ಆ ಗುಂಪಿನಲ್ಲೇ. 29 ವರ್ಷ. ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಅವನದ್ದೇ. ಜೊತೆಗೆ ತಾಯಿ. ಮಗನ ಬ್ಯಾಗು ತಾಯಿಯ ಹೆಗಲ ಮೇಲಿತ್ತು. ಅವನು ಶರ್ಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡಿದ್ದ. ಇವೆರಡೂ ನನ್ನ ಕಣ್ಣಿಗೆ ಬಿದ್ದವು. ಆದರೆ ಏನು ಅಂತ ಕೇಳಲಿಲ್ಲ. ಅದು ನನ್ನ ತಪ್ಪು.

ಆವತ್ತು ನಾನು ಅವನನ್ನು ಉಳಿದವರ ಲೆಕ್ಕಕ್ಕೇ ಸೇರಿಸಿಬಿಟ್ಟೆ. ಊರಿನ ಹತ್ತಿರ ಒಂದು ಕ್ಲಿನಿಕ್ಕಿನಲ್ಲಿ ಇಸಿಜಿ ಮಾಡಿ 'ಹಾರ್ಟ್ ಅಟ್ಯಾಕ್ ಅಲ್ಲ, ಸುಮ್ನೆ ಗಾಬರಿ' ಅಂದಿದ್ದರಂತೆ. ನಾನೂ ಗಾಬರಿ ಅಂತಲೇ ಹಿಡಿದೆ. ನಿಧಾನವಾಗಿ ಉಸಿರು ಬಿಡುವುದನ್ನು ಹೇಳಿಕೊಟ್ಟೆ, ರಾತ್ರಿ ಸುದ್ದಿ ನೋಡಬೇಡ ಅಂದೆ, ಮುಂದಿನ ಬುಧವಾರ ಬಾ ಅಂದೆ.

ಮುಂದಿನ ಬುಧವಾರ ಒಬ್ಬನೇ ಬಂದ. 'ಉಸಿರಾಟ ಮಾಡ್ದೆ ಮೇಡಂ. ಏನೂ ಪ್ರಯೋಜನ ಆಗ್ಲಿಲ್ಲ' ಅಂದ. ಎದೆ ಹೇಗೆ ಹೊಡೆದುಕೊಳ್ಳುತ್ತದೆ, ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸು ಅಂದೆ. ಎರಡು ಬೆರಳಿಂದ ಬಡಿದ. ಜೋರು ವೇಗ, ಆದರೆ ಒಂದೇ ಸಮ. ಹೇಗೆ ಶುರುವಾಗುತ್ತೆ ಅಂತ ಕೇಳಿದೆ. 'ಸ್ವಿಚ್ ಹಾಕ್ದಂಗೆ.' ನಿಲ್ಲೋದು? 'ಸ್ವಿಚ್ ಆರಿಸ್ದಂಗೆ.' ಗಾಬರಿಯಾದವರ ಎದೆಬಡಿತ ಸಾಮಾನ್ಯವಾಗಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇದು ಹಾಗಿರಲಿಲ್ಲ. ಹಾಜರಿ ಪುಸ್ತಕ ಬರೆಯುತ್ತ ಆರಾಮಾಗಿ ಕೂತಿದ್ದಾಗಲೂ ಬಂದಿದೆಯಂತೆ.

ಆಗ ಕೇಳಿದೆ, ಚಿಕ್ಕವನಿದ್ದಾಗ ಏನಾದರೂ ಆಪರೇಷನ್ ಆಗಿತ್ತಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೇಲಿನ ಎರಡು ಗುಂಡಿ ಬಿಚ್ಚಿದ. ಎದೆಯ ನಟ್ಟನಡುವೆ ಕತ್ತಿನ ಕೆಳಗಿಂದ ಇಳಿದು ಹೋದ ಬಿಳೀ ಗೆರೆ. 'ಹಾರ್ಟಲ್ಲಿ ಹೋಲ್ ಇತ್ತಂತೆ. ಐದು ವರ್ಷಕ್ಕೆ ಮುಚ್ಚಿದ್ರಂತೆ. ಈಗ ಏನೂ ಇಲ್ಲ.'

'ಇತ್ತಂತೆ', 'ಮುಚ್ಚಿದ್ರಂತೆ'. ಪಕ್ಕದ ಮನೆಯವರ ವಿಷಯ ಹೇಳಿದ ಹಾಗೆ. ಇಸಿಜಿ ಮಾಡಿದವರಿಗೆ ಹೇಳಿದ್ದಾ? ಇಲ್ಲ. ಹೊರಗಿನವರಿಗೆ ಹೇಳಬಾರದು ಅಂತ ಅಮ್ಮ ಹೇಳಿದ್ದಾರಂತೆ. ಕೊನೆಯ ಸಲ ತೋರಿಸಿದ್ದು ಯಾವಾಗ? ಆರನೇ ಕ್ಲಾಸಲ್ಲಿ. ಅಂದರೆ ಸುಮಾರು 18 ವರ್ಷ.

ಆವತ್ತು ಕೊಟ್ಟ ಸಲಹೆ ಚಿಕ್ಕದು. ಇಲ್ಲಿಗೆ ಬರುವುದನ್ನು ನಿಲ್ಲಿಸು, ಮೊದಲು ಹೃದಯದ ಡಾಕ್ಟರ ಹತ್ತಿರ ಹೋಗು. ಹುಟ್ಟಿನಿಂದ ಬಂದ ಹೃದಯದ ತೊಂದರೆ ಇರುವ ದೊಡ್ಡವರನ್ನು ನೋಡಿ ಅನುಭವ ಇರುವವರ ಹತ್ತಿರವೇ ಹೋಗಬೇಕು, ಅಂಥವರು ಮೈಸೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಎದೆಬಡಿತ ನಿಲ್ಲದೆ ಓಡಿದರೆ, ತಲೆ ಸುತ್ತಿ ಬಿದ್ದರೆ ಕಾಯಬಾರದು, ಹತ್ತಿರದ ಎಮರ್ಜೆನ್ಸಿಗೆ ನುಗ್ಗು. ಹೋಗುವಾಗ ಹಳೆಯ ಫೈಲು ಬೇಕೇ ಬೇಕು. ಇಲ್ಲದಿದ್ದರೆ ಆವತ್ತು ಒಳಗೆ ಏನು ಮಾಡಿದರು ಅಂತ ಈಗಿನ ಡಾಕ್ಟರಿಗೆ ಗೊತ್ತಾಗುವುದು ಹೇಗೆ?

'ಫೈಲು ಅಮ್ಮನ ಹತ್ರ ಇದೆ' ಅಂದ. 'ನಾನು ನೋಡೇ ಇಲ್ಲ.'

ಎರಡು ದಿನ ಬಿಟ್ಟು ತಾಯಿ ತಂದರು. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಂತೆ. ಬಿಚ್ಚಿದರೆ ನುಸಿಗುಳಿಗೆ ವಾಸನೆ. ಡಿಸ್ಚಾರ್ಜ್ ಕಾರ್ಡು ಮಡಿಕೆಯ ಜಾಗದಲ್ಲಿ ಹರಿದಿತ್ತು, ಯಾರೋ ಟೇಪು ಹಚ್ಚಿದ್ದರು. 2001. ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಕೊನೆಯ ಸಾಲು ಇಂಗ್ಲಿಷಿನಲ್ಲಿ. ವರ್ಷಕ್ಕೊಮ್ಮೆ ತಪಾಸಣೆ, ಜೀವನಪೂರ್ತಿ. ನಾನು ಕನ್ನಡದಲ್ಲಿ ಓದಿ ಹೇಳಿದೆ. ತಾಯಿ ಇನ್ನೊಂದು ಸಲ ಓದಿ ಅಂದರು.

ಇದು ಬರೀ ಒಂದು ತೂತಲ್ಲ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು, ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಪಕ್ಕಕ್ಕೆ ಸರಿದು ತೂತಿನ ಮೇಲೆ ಕೂತಿರುವುದು, ಬಲಗಡೆಯ ಕೋಣೆಯ ಗೋಡೆ ದಪ್ಪ. ನಾಲ್ಕು ಸೇರಿ ಒಂದು ಕಾಯಿಲೆ. ಆಮ್ಲಜನಕ ಕಮ್ಮಿ ಇರುವ ರಕ್ತ ಒಳ್ಳೆಯ ರಕ್ತದ ಜೊತೆ ಬೆರೆತು ಮಗು ನೀಲಿಗಟ್ಟುತ್ತದೆ. 'ನಾಲ್ಕು ಹೆಜ್ಜೆ ನಡೆದ್ರೆ ದಾರೀಲೇ ಕುಕ್ಕರುಗಾಲಲ್ಲಿ ಕೂತ್ಬಿಡೋನು ಕಣಮ್ಮ' ಅಂದರು ತಾಯಿ. 'ಹಟ ಅಂತ ಹೊಡೆದಿದೀನಿ ನಾನು.' ಹಾಗೆ ಕೂತರೆ ಕಾಲಿನ ಕಡೆ ರಕ್ತಕ್ಕೆ ತಡೆಯಾಗಿ, ಶ್ವಾಸಕೋಶಕ್ಕೆ ಸ್ವಲ್ಪ ಜಾಸ್ತಿ ಹೋಗುತ್ತದೆ. ಯಾರೂ ಕಲಿಸದೆ ಆ ಮಕ್ಕಳು ಅದನ್ನು ಕಂಡುಕೊಳ್ಳುತ್ತಾರೆ. ಇದನ್ನು ಹೇಳಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡರು.

ತಪಾಸಣೆ ಯಾಕೆ ಬಿಟ್ಟಿರಿ ಅಂತ ಕೇಳಲೇಬೇಕಿತ್ತು. 2007ರಲ್ಲಿ ಗಂಡ ಹೋದರು. ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದುದು ಅವರೇ. ಆದರೆ ಅದಷ್ಟೇ ಕಾರಣ ಅಲ್ಲ. 'ಆಪರೇಷನ್ ಮಾಡಿದ ಡಾಕ್ಟ್ರು ಇನ್ನು ಭಯ ಇಲ್ಲಮ್ಮ ಅಂದಿದ್ರು. ಮತ್ತೆ ಆಸ್ಪತ್ರೆ ಮೆಟ್ಟಿಲು ತುಳಿದ್ರೆ ಕಾಯಿಲೆನ ನಾವೇ ಕರೆದಂಗೆ ಅನ್ನಿಸ್ತಿತ್ತು.' ಮಳೆಯಲ್ಲಿ ನೆನೆಯಲು ಬಿಡಲಿಲ್ಲ, ಕಬಡ್ಡಿಗೆ ಬಿಡಲಿಲ್ಲ, ಬ್ಯಾಗು ಹೊರಲೂ ಬಿಡಲಿಲ್ಲ. ಮಾಡಬೇಕಿದ್ದ ಒಂದು ಕೆಲಸ ಮಾತ್ರ ಬಿಟ್ಟುಹೋಯಿತು. ಇಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಯಾರನ್ನೂ ಬೈಯುವ ಮನಸ್ಸು ಬರುವುದಿಲ್ಲ.

ಡಾಕ್ಟರು ಸುಳ್ಳು ಹೇಳಿರಲಿಲ್ಲ ಅನ್ನುವುದನ್ನೂ ಅವರಿಗೆ ಹೇಳಿದೆ. ಈ ಕಾಯಿಲೆಗೆ ಹೃದಯ ತೆರೆದು ಪೂರ್ತಿ ರಿಪೇರಿ ಮಾಡಿದ್ದು ಮೊದಲು ಅಮೆರಿಕದಲ್ಲಿ, 1954ರಲ್ಲಿ. ಅದಕ್ಕೆ ಮುಂಚೆ ಇಂಥ ಮಕ್ಕಳು ದೊಡ್ಡವರಾಗುತ್ತಿದ್ದುದೇ ಅಪರೂಪ. ಈಗ ರಿಪೇರಿಯಾದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ 30 ವರ್ಷ ಕಳೆದ ಮೇಲೂ ಬದುಕಿರುತ್ತಾರೆ. ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ. ಮುಂದುವರಿದ ದೇಶಗಳಲ್ಲಿ ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳಿಗಿಂತ ಅಂಥ ದೊಡ್ಡವರೇ ಜಾಸ್ತಿ ಇದ್ದಾರೆ. ಆದರೆ ರಿಪೇರಿ ಅಂದರೆ ರಿಪೇರಿ. ಇಕ್ಕಟ್ಟು ದಾರಿಯನ್ನು ಅಗಲ ಮಾಡುವಾಗ ಎಷ್ಟೋ ಸಲ ಅಲ್ಲಿನ ಕವಾಟವನ್ನೂ ಕತ್ತರಿಸಬೇಕಾಗುತ್ತದೆ. ಶ್ವಾಸಕೋಶಕ್ಕೆ ಹೋದ ರಕ್ತದಲ್ಲಿ ಸ್ವಲ್ಪ ಪ್ರತಿ ಬಡಿತಕ್ಕೂ ವಾಪಸ್ ಬೀಳುತ್ತದೆ. ಬಲಗಡೆಯ ಕೋಣೆ ಹದಿನೈದು ಇಪ್ಪತ್ತು ವರ್ಷ ಸದ್ದಿಲ್ಲದೆ ತಾಳಿಕೊಳ್ಳುತ್ತದೆ, ಮೆಲ್ಲಗೆ ಹಿಗ್ಗುತ್ತದೆ. ಹೊಲಿಗೆಯ ಕಲೆಗಳ ಸುತ್ತ, ಹೃದಯವನ್ನು ಬಡಿಸುವ ವಿದ್ಯುತ್ತಿನ ದಾರಿ ಕೆಟ್ಟು ಬಡಿತ ತಪ್ಪುತ್ತದೆ.

ಆಸ್ಪತ್ರೆಯಲ್ಲಿ ಇದೇ ಕಂಡಿದ್ದು. ಒಂದು ದಿನ ಪೂರ್ತಿ ಎದೆಗೆ ಕಟ್ಟುವ ಹೋಲ್ಟರ್ ಯಂತ್ರದಲ್ಲಿ ಆ 'ಸ್ವಿಚ್ಚು' ಸಿಕ್ಕಿತು. ಎಕೋ ಅಂದರೆ ಹೃದಯದ ಸ್ಕ್ಯಾನ್ ಆಯಿತು, ಹೃದಯದ ಎಂಆರ್‌ಐ ಆಯಿತು. ಬಲಗೋಣೆ ಚೆನ್ನಾಗಿಯೇ ಹಿಗ್ಗಿತ್ತು. ಮಂಜು ವಾಪಸ್ ಬಂದು ಹೇಳಿದ ರೀತಿ ನನಗಿನ್ನೂ ಮರೆತಿಲ್ಲ. 'ಫುಟ್‌ವಾಲ್ವ್ ಹೋಗಿದೆ ಮೇಡಂ. ಎತ್ತಿದ ನೀರು ಅರ್ಧ ವಾಪಸ್ ಬಾವಿಗೆ. ಮೋಟರ್ ಪಾಪ ಇಷ್ಟು ವರ್ಷ ಸುಮ್ನೆ ತಿರುಗಿದೆ.' ಪಂಪ್‌ಸೆಟ್ ಬಲ್ಲವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬಡಿತ ತಪ್ಪಿಸುತ್ತಿದ್ದ ಜಾಗವನ್ನು ಮೊದಲು ತೊಡೆಯ ನಾಳದಿಂದ ತಂತಿ ಹಾಕಿ ಸುಟ್ಟರು. ಆಮೇಲೆ ಕವಾಟ ಹಾಕಬೇಕು ಅಂದರು. ಇನ್ನೊಂದು ಆಪರೇಷನ್ ಅಂದ ಕೂಡಲೇ ಮಂಜು ಹಿಂದೆ ಸರಿದ. ಕುಯ್ಲು ಮುಗಿಯಲಿ, ಸಾಹುಕಾರರಿಗೆ ಏನು ಹೇಳೋದು, ದುಡ್ಡು ಎಲ್ಲಿದೆ, ಒಂದಾದ ಮೇಲೆ ಒಂದು ನೆಪ. ನಿಜವಾದ ಮಾತು ಆಮೇಲೆ ಬಂತು. 'ಅಮ್ಮ ಇನ್ನೊಂದ್ಸಲ ತಡ್ಕೊಳಲ್ಲ.'

ನನ್ನ ನಿಜವಾದ ಕೆಲಸ ಶುರುವಾಗಿದ್ದು ಇಲ್ಲಿಂದ. ಇಬ್ಬರನ್ನೂ ಎದುರುಬದುರು ಕೂರಿಸಿದೆ. ಫೈಲನ್ನು ತಾಯಿಯ ಕೈಯಿಂದಲೇ ಮಗನ ಕೈಗೆ ಕೊಡಿಸಿದೆ. ಇನ್ನು ಮೇಲೆ ಇದು ಇವನದ್ದು, ತಾರೀಕು ನೆನಪಿಡೋದು ಇವನ ಕೆಲಸ ಅಂದೆ. ಮಂಜುಗೆ ಒಂದು ಮಾತು ಬಾಯಿಪಾಠ ಮಾಡಿಸಿದೆ. 'ನನಗೆ ಹುಟ್ಟಿನಿಂದ ಟೆಟ್ರಾಲಜಿ ಇತ್ತು. 2001ರಲ್ಲಿ ರಿಪೇರಿ ಆಗಿದೆ. ಈಗ ಶ್ವಾಸಕೋಶದ ಕಡೆಯ ಕವಾಟ ಸೋರುತ್ತಿದೆ.' ಮೂರು ವಾಕ್ಯ. ಮೊದಲ ಸಲ ಹೇಳುವಾಗ 'ಇತ್ತಂತೆ' ಅಂದ. ಅಂತೆ ಬೇಡ ಅಂದೆ. ನಾಲ್ಕನೇ ಸಲಕ್ಕೆ 'ಇತ್ತು' ಆಯಿತು. ಅರ್ಧ ರಾತ್ರಿಯಲ್ಲಿ ಯಾವುದೋ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೂ ಅವನನ್ನು ಕಾಯುವುದು ಈ ಮೂರು ವಾಕ್ಯ.

ದುಡ್ಡಿನ ವಿಷಯ ನಾವು ಹೆದರಿದಷ್ಟು ಕಷ್ಟ ಆಗಲಿಲ್ಲ. ಬಿಪಿಎಲ್ ಕಾರ್ಡಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರಕ್ಕೆ ಎರಡು ಸಲ ಓಡಾಡಬೇಕಾಯಿತು, ಅಷ್ಟೆ. ಸಾಹುಕಾರರಿಗೆ ಅದೇ ಮೂರು ವಾಕ್ಯ ಹೇಳಿದ. 'ಮೊದಲೇ ಹೇಳಬಾರದಿತ್ತೇನಯ್ಯ' ಅಂದರಂತೆ. ಕುಯ್ಲಿಗೆ ಮುಂಚೆಯೇ ರಜ ಸಿಕ್ಕಿತು.

ಮಧ್ಯೆ ಒಂದು ತಮಾಷೆ. ಹೃದಯದ ಡಾಕ್ಟರು ಆಪರೇಷನ್‌ಗೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ದಾರಿ ತಪ್ಪಿ ಚೀಟಿ ಬರೆದಿದ್ದಾರೆ ಅಂತ ತಾಯಿಗೆ ಅನುಮಾನ. ಹುಳುಕು ಹಲ್ಲು, ಕೀವಾದ ಒಸಡಿನಿಂದ ಕ್ರಿಮಿ ರಕ್ತಕ್ಕೆ ಇಳಿದು ಹೊಸ ಕವಾಟದ ಮೇಲೆ ಕೂರಬಹುದು. ಹಾಗಾದರೆ ಜೀವಕ್ಕೇ ಅಪಾಯ. ಅದಕ್ಕೇ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಕಾರಣ ಗೊತ್ತಾಗದ ಜ್ವರ ಬಿಡದೆ ಕಾಡಿದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗದೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಮಂಜು ಎರಡು ಹಲ್ಲು ಕಳೆದುಕೊಂಡ. ಅಡಿಕೆ ಹಾಕುವುದನ್ನೂ ಬಿಟ್ಟ, ಕನಿಷ್ಠ ನನ್ನೆದುರಿಗೆ.

ಅಕ್ಟೋಬರ್‌ನಲ್ಲಿ ಕವಾಟ ಹಾಕಿದರು. ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಸಾಮಾನ್ಯವಾಗಿ 10ರಿಂದ 15 ವರ್ಷ ಬರುತ್ತದೆ, ಆಮೇಲೆ ಮತ್ತೆ ಬದಲಿಸಬೇಕಾಗಬಹುದು. ಎಷ್ಟೋ ಜನರಿಗೆ ಆಗ ಎದೆ ತೆರೆಯದೆ ನಾಳದ ಮೂಲಕವೇ ಹಾಕಲು ಬರುತ್ತದೆ. ಇದನ್ನು ಮುಚ್ಚಿಡದೆ ಇಬ್ಬರಿಗೂ ಹೇಳಿ ಅಂತ ಡಾಕ್ಟರನ್ನು ನಾನೇ ಕೇಳಿಕೊಂಡಿದ್ದೆ. 'ಇನ್ನು ಭಯ ಇಲ್ಲ' ಅನ್ನುವ ಮಾತು ಮತ್ತೊಮ್ಮೆ ಟ್ರಂಕು ಸೇರುವುದು ಬೇಡವಾಗಿತ್ತು.

ಮದುವೆಯ ಪ್ರಶ್ನೆ ಬಂದೇ ಬರುತ್ತದಲ್ಲ. ಜಾತಕ ಕೂಡಿದ ಮೇಲೆ, ನಿಶ್ಚಿತಾರ್ಥದ ಮಾತಿಗೆ ಮುಂಚೆ, ಹುಡುಗಿಗೆ ನೀನೇ ನೇರವಾಗಿ ಹೇಳು ಅಂದೆ. ನೆಂಟರ ಬಾಯಿಂದ ಹೋದರೆ ಅದು ಬೇರೆಯೇ ಕತೆಯಾಗುತ್ತದೆ. ಮಕ್ಕಳಿಗೆ ಬರುತ್ತಾ ಅಂದರೆ, ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದ ಏನಾದರೊಂದು ಹೃದಯದ ತೊಂದರೆ ಇರಬಹುದು, ಇಂಥ ತಂದೆತಾಯಿಯ ಮಕ್ಕಳಲ್ಲಿ ಮೂರರಿಂದ ಐದು. ಒಂದು ವಂಶವಾಹಿ ಪರೀಕ್ಷೆ ಇದೆ, ಮಾಡಿಸಿಕೊಂಡರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಬಸುರಿಯಾದಾಗ 18ರಿಂದ 22 ವಾರದೊಳಗೆ ಮಗುವಿನ ಹೃದಯದ ಎಕೋ ಮಾಡಿಸಬಹುದು. ಮೊದಲ ಸಂಬಂಧದವರು ವಿಷಯ ಕೇಳಿ ಫೋನ್ ಎತ್ತುವುದನ್ನು ನಿಲ್ಲಿಸಿದರು. ಮಂಜು ಒಂದು ವಾರ ಮಂಕಾಗಿದ್ದ. ಆಮೇಲೆ ಕುಯ್ಲು ಬಂತು, ಕೆಲಸದಲ್ಲಿ ಮುಳುಗಿದ.

ಈಗ ಅವನು ಏರು ಹತ್ತುತ್ತಾನೆ. ಎಷ್ಟು ಹತ್ತಬಹುದು ಅಂತ ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ಹೇಳಿದ್ದಾರೆ. ನನ್ನ ಹತ್ತಿರ ಬರುವುದು ನಿಂತಿದೆ.

ಬುಧವಾರದ ಆ ಹೊತ್ತಿಗೆ ಈಗ ಬರುವುದು ತಾಯಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಎದ್ದು ಹೋಗಿ ಮಗನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾರೆ. 2001ರಿಂದ ದಿನಾ ಹೀಗೇ. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ಮೊದಲ ವಾರಕ್ಕೆ ಒಂದೇ ಒಂದು ಹೇಳಿದ್ದೇನೆ. ಎಚ್ಚರವಾಗಲಿ, ಪರವಾಗಿಲ್ಲ, ಆದರೆ ಬಾಗಿಲವರೆಗೆ ಮಾತ್ರ ಹೋಗಿ, ಒಳಗೆ ಹೋಗಬೇಡಿ. 'ಬಾಗಿಲಿಂದ ಕೇಳ್ಸುತ್ತಾ ಮೇಡಂ?' ಅಂತ ಕೇಳಿದರು.