‘ಕಡಲು ಎಲ್ಲರದ್ದು’ ಬರೆದವರಿಗೆ

ನಮಸ್ಕಾರ. ನಮ್ಮ ಕರಾವಳಿ ವಿಶೇಷಾಂಕಕ್ಕೆ ನೀವು ಕಳಿಸಿದ ‘ಕಡಲು ಎಲ್ಲರದ್ದು’ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ಅಲೆಗೆ ಜಾತಿಯಿಲ್ಲ, ಮರಳಿಗೆ ಮತವಿಲ್ಲ, ಉಪ್ಪುಗಾಳಿ ಯಾರ ಹೆಸರನ್ನೂ ಕೇಳುವುದಿಲ್ಲ. ಈ ಸಂಚಿಕೆಗೆ ಬಂದ ಬರಹಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗಿವೆ. ಭಟ್ಕಳದ ನವಾಯತ ಮುಸ್ಲಿಂ ಹುಡುಗನದ್ದೂ ಹೀಗೆ, ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ಹೆಣ್ಣುಮಗಳದ್ದೂ ಹೀಗೆ. ಓದಿ ಓದಿ ನನಗೆ ಕಡಲಿನ ಮೇಲೇ ಸಿಟ್ಟು ಬಂದಿದೆ. ಅಲೆ ಮುಗಿಯುತ್ತಲೇ ನಿಮ್ಮಲ್ಲಿ ಬಪ್ಪ ಬ್ಯಾರಿ ಬರುತ್ತಾರೆ, ಆ ಬ್ಯಾರಿ ಮುಸ್ಲಿಂ ವ್ಯಾಪಾರಿ ಕಟ್ಟಿಸಿದರೆನ್ನುವ ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಕತೆ ಬರುತ್ತದೆ. ಅದರ ಬೆನ್ನಿಗೇ ಮೀನುಗಾರ ಮೊಗವೀರರು ನಂಬುವ ದೈವ ಬೊಬ್ಬರ್ಯ, ಅವನ ತಂದೆ ಬ್ಯಾರಿ ಎನ್ನುವ ಪಾಡ್ದನ, ಅಂದರೆ ತುಳು ಜನಪದ ಹಾಡು. ಆಮೇಲೆ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಆದದ್ದು. ಯಾವುದಕ್ಕೂ ನನ್ನ ತಕರಾರಿಲ್ಲ, ಆದರೆ ಎಲ್ಲ ಸೇರಿ ಅಫಿಡವಿಟ್ ಥರ ಆಗಿದೆ. ನಾವು ಬ್ಯಾರಿಗಳೂ ಇಲ್ಲಿಯವರೇ ಸ್ವಾಮಿ ಎಂದು ಯಾರ ಮುಂದೆಯೋ ಕಟಕಟೆಯಲ್ಲಿ ನಿಂತು ದಾಖಲೆ ಒಪ್ಪಿಸಿದ ಹಾಗೆ. ಅಂಥ ದಾಖಲೆ ಕೇಳುವವರು ಇದ್ದಾರೆ. ನಾನೂ ಮಂಗಳೂರಿನಲ್ಲೇ ಇರುವವನು, ಗೊತ್ತು. ಅವರು ಪ್ರಬಂಧ ಓದಿ ಮನಸ್ಸು ಬದಲಿಸುವವರಲ್ಲ. ಪ್ರಬಂಧ ಓದುವವರಿಗೆ ಈ ದಾಖಲೆ ಬೇಕಾಗಿಲ್ಲ.

ನಿಮ್ಮ ಬರಹ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಬೆಂಗರೆಯಲ್ಲಿ ಅಪ್ಪನ ಮನೆ, ಎದುರಿನ ಕೋಟೆಪುರದಲ್ಲಿ ತಾಯಿಯ ತವರು, ನಡುವೆ ನದಿ ಕಡಲು ಸೇರುವ ಅಳಿವೆ ಬಾಗಿಲು. ಕಣ್ಣಿಗೆ ಎದುರುಮನೆಯಷ್ಟು ಹತ್ತಿರ. ಹೋಗಬೇಕೆಂದರೆ ಮಾತ್ರ ಫೆರಿ ಹತ್ತಿ ಬಂದರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟಿ, ಉಳ್ಳಾಲಕ್ಕಾಗಿ ಸುತ್ತಬೇಕು. ಇಂಥದ್ದನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಲ್ಲ ಮಾರಾಯರೇ! ಹಬ್ಬದ ದಿನ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಹೀಗೆ ಸುತ್ತು ಬಳಸಿ ಹೋದವರು ಯಾರು? ಪಾತ್ರೆಯಲ್ಲಿ ಏನಿತ್ತು? ಮಳೆಗೆ ಫೆರಿ ನಿಂತ ದಿನ ಏನು ಮಾಡುತ್ತಿದ್ದಿರಿ?

ಆಮೇಲೆ ಈ ಸಾಲು: ‘ಮನೆ ಕಡಲಿಗೆ ಹೋಗುವ ಹಿಂದಿನ ದಿನ ಮಾವ ಬಾಗಿಲು ಬಿಚ್ಚಿ ತಂದರು.’ ಇದನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ಮುಂದಿನ ವಾಕ್ಯ, ‘ಬದುಕೇ ಒಂದು ಕಡಲ್ಕೊರೆತ.’ ಅಯ್ಯೋ. ಕಡಲ್ಕೊರೆತ ಕಡಲ್ಕೊರೆತವೇ ಆಗಿರಲಿ ಬಿಡಿ. ತೆಂಗಿನ ಬುಡದ ಮರಳು ಹೇಗೆ ಜಾರುತ್ತದೆ, ಲಾರಿಯಲ್ಲಿ ತಂದು ಸುರಿದ ಕಲ್ಲು ಎಷ್ಟು ದಿನ ನಿಲ್ಲುತ್ತದೆ, ಮೊದಲು ಬಿದ್ದದ್ದು ಮರವೋ ಹಿತ್ತಿಲ ಗೋಡೆಯೋ, ಇದನ್ನೆಲ್ಲ ಕಂಡವರು ನೀವು. ಜಾಗ ನೀರಿನಡಿ ಹೋದ ಮೇಲೂ ಪಹಣಿ ಅಜ್ಜನ ಹೆಸರಿನಲ್ಲೇ ಇದೆಯೇ? ಇದ್ದರೆ ಅದು ಒಂದು ಇಡೀ ಪುಟದ ಸರಕು.

ಭಾಷೆಯ ವಿಷಯಕ್ಕೆ ಬರುತ್ತೇನೆ. ಮೀನು ಹೊತ್ತು ತರುವ ಮೊಗವೀರ ಹೆಂಗಸಿನ ಹತ್ತಿರ ಅಜ್ಜಿ ಚೌಕಾಸಿ ಮಾಡುವ ಭಾಗದಲ್ಲಿ, ‘ಮೀನಿನ ಬೆಲೆ ಎಷ್ಟೆಂದು ಅಜ್ಜಿ ವಿಚಾರಿಸಿದರು’ ಎಂದು ಬರೆದಿದ್ದೀರಿ. ಯಾವ ಅಜ್ಜಿ ಹೀಗೆ ವಿಚಾರಿಸುತ್ತಾರೆ? ‘ಬೂತಾಯಿಗ್ ಏತ್?’ ಎಂದು ತುಳುವಿನಲ್ಲಿ ಕೇಳಿರುತ್ತಾರೆ, ಬೆಲೆ ಕೇಳಿ ಬ್ಯಾರಿಯಲ್ಲಿ ಗೊಣಗಿರುತ್ತಾರೆ, ಶಾಲೆಯಿಂದ ಬಂದ ನಿಮ್ಮ ಕೈಯಲ್ಲಿ ಕನ್ನಡದಲ್ಲಿ ಲೆಕ್ಕ ಮಾಡಿಸಿರುತ್ತಾರೆ. ಒಂದು ಬುಟ್ಟಿ ಮೀನಿಗೆ ಮೂರು ಭಾಷೆ. ನೀವು ಮೂರನ್ನೂ ಒಗೆದು ಇಸ್ತ್ರಿ ಹಾಕಿ ಪಠ್ಯಪುಸ್ತಕದ ಕನ್ನಡ ಮಾಡಿಟ್ಟಿದ್ದೀರಿ. ಅವರನ್ನು ಮನೆಯಲ್ಲಿ ಅಜ್ಜಿ ಎಂದೇ ಕರೆಯುತ್ತಿದ್ದಿರೇ? ಏನೆಂದು ಕರೆಯುತ್ತಿದ್ದಿರೋ ಅದನ್ನೇ ಬರೆಯಿರಿ, ಪಕ್ಕದಲ್ಲಿ ಅರ್ಥ ಕೊಡಬೇಡಿ. ಎರಡನೇ ಸಲ ಬರುವಷ್ಟರಲ್ಲಿ ಓದುವವರಿಗೆ ತಿಳಿದಿರುತ್ತದೆ.

ತಪ್ಪು ನಿಮ್ಮೊಬ್ಬರದ್ದೇ ಎನ್ನಲಾರೆ. ಈ ಕುರ್ಚಿಗೆ ಹೊಸದಾಗಿ ಬಂದಾಗ ಒಬ್ಬರ ಕತೆಯಲ್ಲಿದ್ದ ‘ಉಮ್ಮ’ಗಳನ್ನೆಲ್ಲ ನಾನು ‘ಅಮ್ಮ’ ಮಾಡಿ ಅಚ್ಚಿಗೆ ಕಳಿಸಿದ್ದೆ, ಕಾಗುಣಿತ ತಿದ್ದಿದ ಹೆಮ್ಮೆಯಲ್ಲಿ. ಅವರು ಜಗಳ ಆಡಲಿಲ್ಲ. ಮತ್ತೆ ಕತೆ ಕಳಿಸಲೂ ಇಲ್ಲ.

ಬೆಂಗಳೂರಿನ ಆಫೀಸಿನ ಪ್ರಸಂಗ ಇರಲಿ. ‘ನೀವು ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ’ ಎಂದು ಸಹೋದ್ಯೋಗಿ ಮೆಚ್ಚಿಕೊಳ್ಳುತ್ತಾರೆ. ಅದಕ್ಕೆ ನೀವು ಅರ್ಧ ಪುಟದ ಭಾಷಣ ಕೊಟ್ಟಿದ್ದೀರಿ. ಆಗ ಅಲ್ಲಿ ನಿಜಕ್ಕೂ ಏನಂದಿರಿ? ನಕ್ಕು ಸುಮ್ಮನಾದಿರಾದರೆ ಅಷ್ಟನ್ನೇ ಬರೆಯಿರಿ.

ಇನ್ನೊಂದು, ಇದು ಬರೀ ತಪ್ಪು. ಜುಲೈ ಮಳೆಯಲ್ಲಿ ಅಪ್ಪ ಟ್ರಾಲ್ ಬೋಟಿನಲ್ಲಿ ಕಡಲಿಗೆ ಹೋದರು ಎಂದಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಎಲ್ಲ ಬಂದರಿನ ದಕ್ಕೆಯಲ್ಲಿ ಒತ್ತೊತ್ತಾಗಿ ಕಟ್ಟಿರುತ್ತವೆ. ನಾಡದೋಣಿಯಾದರೆ ಸರಿ, ಇಲ್ಲವಾದರೆ ತಿಂಗಳು ಬದಲಿಸಿ. ದಕ್ಕೆಯಲ್ಲಿ ಕೆಲಸ ಮಾಡುವ ಓದುಗರು ನಮಗಿದ್ದಾರೆ. ಇಂಥ ಒಂದು ಸಾಲು ಸಾಕು, ಮಿಕ್ಕದ್ದನ್ನೂ ಅವರು ನಂಬುವುದಿಲ್ಲ.

ಶೀರ್ಷಿಕೆ ಬೇರೆ ಹುಡುಕಿ. ಸಾವಿರದ ಇನ್ನೂರು ಪದ ಸಾಕು, ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಬಂದರೆ ಇದೇ ಸಂಚಿಕೆಗೆ ಜಾಗ ಇಡುತ್ತೇನೆ. ಮಾವ ಬಿಚ್ಚಿ ತಂದ ಬಾಗಿಲು ಹೊಸ ಮನೆಯ ದಾರಂದಕ್ಕೆ ಅಳತೆ ಕೂತಿತೋ, ಇಲ್ಲ ಇನ್ನೂ ಗೋಡೆಗೆ ಒರಗಿಕೊಂಡೇ ಇದೆಯೋ, ಅದನ್ನು ಮಾತ್ರ ಬಿಡದೆ ಬರೆಯಿರಿ.

ನಿಮ್ಮ,
ಸಂಪಾದಕ