ಬರೆಯುವುದು ಹದಿನಾರು ಅಕ್ಷರ, ಕರೆಯುವುದು ‘ಫ್ಯಾನ್‌ಷಾ’

ಪ್ರಶ್ನೆ: ನನ್ನ ಮಗ ದಾವಣಗೆರೆಯಲ್ಲಿ ಸಿದ್ಧ ಉಡುಪುಗಳನ್ನು ಹೊರದೇಶಕ್ಕೆ ಕಳಿಸುವ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಇಂಗ್ಲೆಂಡಿನ ಗಿರಾಕಿಯೊಬ್ಬರ ಇಮೇಲ್‌ಗಳ ಕೆಳಗೆ ‘ಫೆದರ್‌ಸ್ಟೋನ್‌ಹಾಘ್’ ಎಂದು ಓದಬಹುದಾದ ಒಂದು ಮಾರುದ್ದದ ಅಡ್ಡಹೆಸರು ಇರುತ್ತದೆ. ಆದರೆ ಅದೇ ವಿಳಾಸದವರು ಫೋನಿನಲ್ಲಿ ತಮ್ಮನ್ನು ‘ಫ್ಯಾನ್‌ಷಾ’ ಎಂದು ಪರಿಚಯಿಸಿಕೊಂಡರಂತೆ. ಇವರು ಇಬ್ಬರೋ ಒಬ್ಬರೋ? ಒಬ್ಬರೇ ಆದರೆ ಈ ಹೆಸರಿನ ಅರ್ಥ ‘ಗರಿಯ ಕಲ್ಲು’ ಎಂದೇ?
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ಒಬ್ಬರೇ, ಮೇಷ್ಟರೇ. ಇಂಗ್ಲಿಷಿನಲ್ಲಿ ಹದಿನಾರು ಅಕ್ಷರಗಳಲ್ಲಿ ಬರೆಯುವ ಈ ಹೆಸರನ್ನು ಹಲವು ಮನೆತನಗಳವರು ಎರಡೇ ಉಸಿರಿನಲ್ಲಿ ‘ಫ್ಯಾನ್‌ಷಾ’ ಎಂದು ಮುಗಿಸುತ್ತಾರೆ. ಹೆಚ್ಚುಕಡಿಮೆ ಬರೆದಂತೆಯೇ ‘ಫೆದರ್‌ಸ್ಟನ್‌ಹಾ’ ಎನ್ನುವವರೂ ಇರುವುದರಿಂದ, ಆ ಮನೆಯವರನ್ನು ಕೇಳಿ ತಿಳಿದುಕೊಳ್ಳುವುದೇ ಸರಿಯಾದ ದಾರಿ. ‘ಚಮ್ಲಿ’ ಎಂದು ಕರೆದು ‘ಚೋಲ್ಮೊಂಡೆಲಿ’ ಎಂದು ಓದುವಂತೆ ಬರೆಯುವ ಹೆಸರು, ‘ಮಾರ್ಚ್‌ಬ್ಯಾಂಕ್ಸ್’ ಎಂದು ಕರೆದು ‘ಮಾರ್ಜೊರಿಬ್ಯಾಂಕ್ಸ್’ ಎಂದು ಬರೆಯುವ ಹೆಸರು ಇದೇ ಸಾಲಿಗೆ ಸೇರಿದವು. ಬಿಲ್ಲು ಬರೆಯುವಾಗ ಮಾತ್ರ ನಿಮ್ಮ ಮಗ ಇಮೇಲಿನಲ್ಲಿರುವುದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಲಿ. ಈ ಹೆಸರಿನಲ್ಲಿ ಒಂದು ‘ಎ’ ಬಿಟ್ಟರೆ ಒಂದು ಕವಲು, ನಡುವೆ ಒಂದು ‘ಇ’ ಸೇರಿದರೆ ಇನ್ನೊಂದು ಕವಲು ಎಂಬಂತೆ ಬರಹದ ರೂಪಗಳೇ ಬೇರೆ ಬೇರೆಯಾಗಿವೆ.

ಅರ್ಥದ ವಿಚಾರಕ್ಕೆ ಬಂದರೆ, ಗರಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇದು ಮೊದಲು ಒಂದು ಊರಿನ ಹೆಸರು. ಇಂಗ್ಲೆಂಡಿನ ಉತ್ತರದ ಅಂಚಿನಲ್ಲಿರುವ ನಾರ್ಥಂಬರ್‌ಲ್ಯಾಂಡ್ ಪ್ರಾಂತದಲ್ಲಿ, ಹಾಲ್ಟ್‌ವಿಸಲ್ ಎಂಬ ಪಟ್ಟಣಕ್ಕೆ ಹತ್ತಿರ, ಸೌತ್ ಟೈನ್ ನದಿಯ ಬದಿಯಲ್ಲಿ ಫೆದರ್‌ಸ್ಟೋನ್ ಎಂಬ ಸ್ಥಳವಿದೆ, ಅಲ್ಲಿ ಅದೇ ಹೆಸರಿನ ಕೋಟೆಮನೆಯೂ ಇದೆ. ಹಳೆಯ ಇಂಗ್ಲಿಷಿನಲ್ಲಿ ಸಮಾಸದ ಪೂರ್ವಪದವಾಗಿ ಬರುತ್ತಿದ್ದ ‘ಫೆದರ್’ ಎಂಬುದಕ್ಕೆ ‘ನಾಲ್ಕು’ ಎಂಬ ಅರ್ಥವಿತ್ತು. ಆದ್ದರಿಂದ ಸ್ಥಳನಾಮಗಳನ್ನು ಅಧ್ಯಯನ ಮಾಡಿದ ವಿದ್ವಾಂಸರು ಈ ಹೆಸರನ್ನು ‘ನಾಲ್ಕು ಕಲ್ಲುಗಳಿರುವ ತಾಣ’ ಎಂದು ಬಿಡಿಸುತ್ತಾರೆ. ಮೂರು ಕಲ್ಲುಗಳನ್ನು ನೆಟ್ಟು ಅವುಗಳ ಮೇಲೆ ಒಂದು ಚಪ್ಪಡಿ ಹೊದಿಸಿದ ಪ್ರಾಚೀನ ಶಿಲಾರಚನೆಯನ್ನು ಜನ ಹೀಗೆ ಕರೆದಿರಬೇಕೆಂಬುದು ಅವರ ವಿವರಣೆ. ಕೊನೆಯ ‘ಹಾ’ ಎಂಬುದು ಹಳೆಯ ‘ಹಾಲ್ಹ್’ ಎಂಬ ಪದದ ಸವೆದ ರೂಪ. ಉತ್ತರ ಇಂಗ್ಲೆಂಡಿನಲ್ಲಿ ಹೊಳೆಯ ತಿರುವಿನಲ್ಲಿ ಮೆಕ್ಕಲು ಕೂಡಿ ಆದ ಸಮತಟ್ಟು ಜಮೀನಿಗೆ ಈ ಮಾತು ಸಲ್ಲುತ್ತದೆ. ಎಲ್ಲ ಸೇರಿಸಿ ಕನ್ನಡದಲ್ಲಿ ಹೇಳುವುದಾದರೆ ‘ನಾಲ್ಕುಕಲ್ಲ ಹೊಳೆದಂಡೆ’ ಎನ್ನಬಹುದು.

ನಿಮ್ಮ ಜಿಲ್ಲೆಯವರಿಗೆ ಇಂಥ ಕಲ್ಲುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಅಗೆಸಿದ ಬೃಹತ್ ಶಿಲಾಸಮಾಧಿಗಳಲ್ಲಿಯೂ ನಾಲ್ಕು ಬದಿಗೆ ನಾಲ್ಕು ಗ್ರಾನೈಟ್ ಚಪ್ಪಡಿಗಳು ನಿಂತಿವೆ. ಒಂದು ಚಪ್ಪಡಿ ಇನ್ನೊಂದರ ಅಂಚನ್ನು ಒತ್ತಿ ಹಿಡಿಯುವಂತೆ ಅವುಗಳನ್ನು ಸ್ವಸ್ತಿಕದ ಕ್ರಮದಲ್ಲಿ ಜೋಡಿಸಿದ್ದಾರೆ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅಲ್ಲಿಯ ಕಲ್ಲಿಗೂ ಇಲ್ಲಿಯ ಕಲ್ಲಿಗೂ ನಂಟು ಕಟ್ಟಲು ನಾನು ಹೊರಟಿಲ್ಲ. ಕಲ್ಲು ನಿಲ್ಲಿಸಿದವರು ಯಾರೆಂಬುದನ್ನು ಮರೆತ ಮೇಲೂ ಜನ ಕಲ್ಲನ್ನೇ ಗುರುತಾಗಿಟ್ಟುಕೊಂಡು ಊರಿಗೆ ಹೆಸರಿಡುತ್ತಾರೆ ಎಂಬುದನ್ನು ಕೋಟೆಯ ಕಲ್ಲುಗಳ ನಡುವೆ ಬದುಕುವ ನೀವು ಬೇಗ ಒಪ್ಪುತ್ತೀರಿ, ಅಷ್ಟೆ.

ಬರಹಕ್ಕೂ ಉಚ್ಚಾರಕ್ಕೂ ಇಷ್ಟು ಅಂತರ ಬಿದ್ದದ್ದಕ್ಕೆ ಕಾರಣ ಸರಳವಾದದ್ದು. ದಿನವೂ ಬಾಯಲ್ಲಿ ಓಡಾಡುವ ಹೆಸರು ಸವೆಯುತ್ತದೆ, ಆಸ್ತಿಪತ್ರದಲ್ಲಿ ಕೂತ ಹೆಸರು ಸವೆಯುವುದಿಲ್ಲ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಂಡಕ್ಟರು ‘ದುರ್ಗ, ದುರ್ಗ’ ಎಂದು ಕೂಗುತ್ತಿದ್ದರೂ ಬಸ್ಸಿನ ಬೋರ್ಡಿನ ಮೇಲೆ ‘ಚಿತ್ರದುರ್ಗ’ ಎಂದು ಪೂರ್ತಿಯಾಗಿಯೇ ಇರುತ್ತದೆ. ಬ್ರಿಟಿಷರ ಕಾಲದ ‘ಚಿತಲ್‌ಡ್ರೂಗ್’ ಎಂಬ ಬರಹವನ್ನು ಕಂಡು ನಾವು ನಗುತ್ತೇವೆ. ಆದರೆ ಊರಿನ ಹೆಸರು ‘ಚಿತ್ರಕಲ್‌ದುರ್ಗ’ದಿಂದ ಬಂದದ್ದೆಂಬ ವಿವರಣೆಯನ್ನು ಒಪ್ಪುವುದಾದರೆ, ನಾವು ಬಾಯಲ್ಲಿ ಕಳೆದುಕೊಂಡ ‘ಕಲ್ಲಿ’ನ ಲಕಾರ ಆ ವಿಕಾರ ಬರಹದಲ್ಲಿಯೇ ಉಳಿದುಕೊಂಡಿತ್ತು ಎಂಬುದನ್ನೂ ಒಪ್ಪಬೇಕಾಗುತ್ತದೆ. ನಿಮ್ಮ ಮಗನಿಗೆ ತಲೆನೋವಾದ ಆ ಹದಿನಾರು ಅಕ್ಷರಗಳೂ ಇಂಥದೇ ಕೆಲಸ ಮಾಡುತ್ತಿವೆ. ಬರಿಯ ‘ಫ್ಯಾನ್‌ಷಾ’ ಎಂಬುದನ್ನು ಹಿಡಿದು ಹೊರಟವರು ಆ ನಾಲ್ಕು ಕಲ್ಲುಗಳ ಬಳಿಗೆ ಎಂದೂ ತಲುಪುತ್ತಿರಲಿಲ್ಲ. ಅವರು ಡರ್ಬಿಶೈರ್ ಕಡೆಯ ಬೇರೊಂದು ಸ್ಥಳದಿಂದ ಬಂದ, ಬರಹದಲ್ಲಿಯೂ ‘ಫ್ಯಾನ್‌ಷಾ’ ಎಂದೇ ಇರುವ ಬೇರೊಂದು ಮನೆತನದ ಬಾಗಿಲು ತಟ್ಟುತ್ತಿದ್ದರು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎಷ್ಟೋ ಅಡ್ಡಹೆಸರುಗಳು ಅಳಿದುಹೋಗುತ್ತಿವೆ ಎಂದು ಓದಿದೆ. ಜನಸಂಖ್ಯೆ ಹೆಚ್ಚುತ್ತಿದ್ದರೂ ಹೆಸರು ಅಳಿಯುವುದು ಹೇಗೆ? ಮೇಲಿನಂಥ ಉದ್ದನೆಯ ಹೆಸರುಗಳು ಈಗಲೂ ಉಳಿದಿವೆಯೇ?
— ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಉಳಿದಿವೆ, ಆದರೆ ವಿರಳ. ಕಾರಣ ತಿಳಿಯಲು ಹೆಸರು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ನಮ್ಮ ಕಮ್ಮಾರನಿಗೆ ಸಮನಾದ ‘ಸ್ಮಿತ್’ ಎಂಬ ಹೆಸರು ಕುಲುಮೆಯಿದ್ದ ಪ್ರತಿಯೊಂದು ಊರಿನಲ್ಲಿಯೂ ಬೇರೆ ಬೇರೆಯಾಗಿ ಹುಟ್ಟಿತು. ಬ್ರಿಟನ್ನಿನಲ್ಲಿ ಇಂದು ಐದು ಲಕ್ಷಕ್ಕೂ ಮಿಕ್ಕಿ ಸ್ಮಿತ್‌ಗಳಿದ್ದಾರೆಂದರೆ ಅವರೆಲ್ಲ ಒಬ್ಬನ ಸಂತಾನವಲ್ಲ. ಫೆದರ್‌ಸ್ಟನ್‌ಹಾದಂಥ ಹೆಸರಾದರೋ ಒಂದೇ ಸ್ಥಳದಿಂದ, ಆ ನೆಲದ ಒಡೆತನವಿದ್ದ ಒಂದು ಮನೆತನದಿಂದ ಹೊರಟದ್ದು. ಊರಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ಅವನು ಆ ಊರಿನ ಒಡೆಯನಾದಾಗ, ಇಲ್ಲವೇ ಆ ಊರನ್ನು ಬಿಟ್ಟಾಗ. ಶಾಮನೂರಿನೊಳಗೆ ಎಲ್ಲರೂ ಶಾಮನೂರಿನವರೇ ಆದ್ದರಿಂದ ಆ ಹೆಸರಿಗೆ ಅಲ್ಲಿ ಕೆಲಸವಿಲ್ಲ, ದಾವಣಗೆರೆಯ ಪೇಟೆಗೆ ಬಂದಾಗಲೇ ಅದು ಗುರುತಾಗುತ್ತದೆ. ಕೊಂಡಜ್ಜಿ, ಬೆತ್ತೂರು, ಆನಗೋಡು, ಮಾಯಕೊಂಡಗಳ ಕಥೆಯೂ ಇದೇ. ನಮ್ಮ ಭಾಗ ಹುಬ್ಬಳ್ಳಿ ಕಡೆಯ ಅಡ್ಡಹೆಸರಿನ ಪದ್ಧತಿಗೂ ಮೈಸೂರು ಕಡೆಯ ಇನಿಷಿಯಲ್ ಪದ್ಧತಿಗೂ ನಡುವೆ ಇರುವುದರಿಂದ, ಎಷ್ಟೋ ಮನೆಗಳಲ್ಲಿ ಅಜ್ಜನ ಊರು ಒಂದು ಅಕ್ಷರ ಹಾಗೂ ಒಂದು ಚುಕ್ಕೆಯಾಗಿ ಕುಗ್ಗಿದೆ. ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಎಂಬ ಅಂಕಣದ ಮುಂದೆ ಪೆನ್ನು ಹಿಡಿದು ಕೂತಾಗ ಮಾತ್ರ ಆ ಅಕ್ಷರ ಯಾವ ಊರಿನದೆಂದು ಅಪ್ಪನನ್ನು ಕೇಳಬೇಕಾಗುತ್ತದೆ.

ಈಗ ಅಳಿವಿನ ಲೆಕ್ಕ. ದೊಡ್ಡ ಮನೆತನಗಳ ಹೆಸರುಗಳು ಕಾಣೆಯಾಗುತ್ತಿರುವುದನ್ನು ಕಂಡ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಇದನ್ನು ಒಂದು ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಿಲಿಯಂ ವಾಟ್ಸನ್ ಅದನ್ನು ಬಿಡಿಸಿದರು, 1874ರಲ್ಲಿ ಇಬ್ಬರೂ ಸೇರಿ ಪ್ರಬಂಧ ಪ್ರಕಟಿಸಿದರು. ಅವರಿಗಿಂತ ಮೊದಲು, 1845ರಲ್ಲಿಯೇ, ಫ್ರಾನ್ಸಿನ ಬಿಯೆನೆಮೆ ಇದೇ ದಾರಿಯಲ್ಲಿ ಯೋಚಿಸಿದ್ದರು. ಅದರ ತಿರುಳನ್ನು ಹೀಗೆ ಹೇಳಬಹುದು. ನೂರು ಗಂಡಸರಿಗೆ ನೂರು ಬೇರೆ ಬೇರೆ ಅಡ್ಡಹೆಸರುಗಳಿವೆ, ಹೆಸರು ಗಂಡುಮಕ್ಕಳಿಂದಲೇ ಮುಂದುವರಿಯುತ್ತದೆ, ಸರಾಸರಿ ಒಬ್ಬನಿಗೆ ಒಬ್ಬ ಮಗ ಎಂದಿಟ್ಟುಕೊಳ್ಳೋಣ. ಸರಾಸರಿ ಒಂದೆಂದರೂ ಒಬ್ಬನಿಗೆ ಮೂವರು ಗಂಡುಮಕ್ಕಳಿರಬಹುದು, ಮತ್ತೊಬ್ಬನಿಗೆ ಹೆಣ್ಣುಮಕ್ಕಳೇ ಇರಬಹುದು, ಇನ್ನೊಬ್ಬನಿಗೆ ಮಕ್ಕಳೇ ಇಲ್ಲದಿರಬಹುದು. ಈ ಹಂಚಿಕೆಯನ್ನು ಪೂರ್ತಿ ಆಕಸ್ಮಿಕವೆಂದು ಎಣಿಸಿದರೆ ಮೊದಲ ತಲೆಮಾರಿನಲ್ಲಿಯೇ ನೂರರಲ್ಲಿ ಸುಮಾರು 37 ಹೆಸರುಗಳು ನಿಂತುಹೋಗುತ್ತವೆ. ಎರಡನೆಯ ತಲೆಮಾರಿನ ಹೊತ್ತಿಗೆ ನಿಂತವು 53, ಮೂರನೆಯದರ ಹೊತ್ತಿಗೆ 63. ಒಟ್ಟು ಜನ ಆಗಲೂ ನೂರರ ಆಸುಪಾಸಿನಲ್ಲಿಯೇ ಇರುತ್ತಾರೆ, ಹೆಸರುಗಳು ಮಾತ್ರ ಕಡಿಮೆಯಾಗುತ್ತಾ ಹೋಗುತ್ತವೆ. ವಾಟ್ಸನ್ ಇಲ್ಲಿ ಒಂದು ಹೆಜ್ಜೆ ತಪ್ಪಿದರು ಎಂಬುದನ್ನೂ ಹೇಳಬೇಕು. ಜನಸಂಖ್ಯೆ ಬೆಳೆಯುತ್ತಿದ್ದರೂ ಕೊನೆಗೆ ಎಲ್ಲ ಹೆಸರುಗಳೂ ಅಳಿಯಲೇಬೇಕು ಎಂದುಬಿಟ್ಟರು. ಬೆಳೆಯುವ ಜನಸಂಖ್ಯೆಯಲ್ಲಿ ಕೆಲವು ಹೆಸರುಗಳು ಶಾಶ್ವತವಾಗಿ ಉಳಿಯುವ ಸಂಭವವಿದೆ ಎಂದು ಅನಂತರದ ಗಣಿತಜ್ಞರು ತಿದ್ದಿದರು. ಹಾಗೆ ಉಳಿಯುವ ಅವಕಾಶ ಮೊದಲೇ ಸಾವಿರಾರು ಮನೆಗಳಲ್ಲಿ ಹರಡಿದ ಹೆಸರಿಗೆ ಹೆಚ್ಚು, ಒಂದೇ ಹೊಳೆದಂಡೆಯಿಂದ ಬಂದ ಹೆಸರಿಗೆ ಕಡಿಮೆ.

ಗಣಿತ ಕೊಲ್ಲಲು ಹೊರಟ ಹೆಸರನ್ನು ಉಯಿಲು ಉಳಿಸುವುದೂ ಉಂಟು. ಸಸೆಕ್ಸ್ ಪ್ರಾಂತದ ಅಪ್‌ಪಾರ್ಕ್ ಎಂಬ ದೊಡ್ಡ ಮನೆಯನ್ನು ಸರ್ ಮ್ಯಾಥ್ಯೂ ಫೆದರ್‌ಸ್ಟನ್‌ಹಾ 1747ರಲ್ಲಿ ಕೊಂಡರು (ಈ ಕವಲಿನವರು ಮೊದಲನೆಯ ‘ಎ’ ಅಕ್ಷರವನ್ನು ಬರೆಯುವುದಿಲ್ಲ). ಅವರ ಮಗ ಸರ್ ಹ್ಯಾರಿ 1825ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮನೆಯ ಹೈನಿನ ಕೆಲಸಕ್ಕಿದ್ದ ಮೇರಿ ಆ್ಯನ್ ಬುಲಕ್ ಎಂಬ ಯುವತಿಯನ್ನು ಮದುವೆಯಾದರು. ಮಕ್ಕಳಾಗಲಿಲ್ಲ. 1846ರಲ್ಲಿ ಅವರು ತೀರಿಕೊಂಡಾಗ ಆಸ್ತಿ ಹೆಂಡತಿಗೆ ಬಂದಿತು. ಆಕೆಯ ನಂತರ ಅದು ತಂಗಿ ಫ್ರಾನ್ಸಿಸ್‌ಗೆ ಬಂದಿತು, ಫ್ರಾನ್ಸಿಸ್ ಬುಲಕ್ ಎಂಬ ಹೆಸರು ಬಿಟ್ಟು ಫೆದರ್‌ಸ್ಟನ್‌ಹಾ ಆದರು. ಆಕೆಯ ನಂತರ ಆಸ್ತಿ ಪಡೆದವರೂ ತಮ್ಮ ಹುಟ್ಟುಹೆಸರಿನ ಜೊತೆಗೆ ಇದನ್ನು ಸೇರಿಸಿಕೊಂಡರು. ನಮ್ಮಲ್ಲಿ ಮಗನಿಲ್ಲದ ಮನೆಗೆ ದತ್ತು ತಂದು ವಂಶ ನಿಲ್ಲಿಸುವಂತೆ, ಅಲ್ಲಿ ರಕ್ತಸಂಬಂಧವೇ ಇಲ್ಲದ ಕಡೆಯೂ ಮನೆಯ ಜೊತೆಗೆ ಹೆಸರನ್ನು ಹಸ್ತಾಂತರಿಸುತ್ತಿದ್ದರು. ಫ್ರಾನ್ಸಿಸ್ ಅವರ ಕಾಲದಲ್ಲಿ ಆ ಮನೆಯ ಮೇಲ್ವಿಚಾರಕಿಯಾಗಿದ್ದವರು ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರ ತಾಯಿ. 1989ರಲ್ಲಿ ಬೆಂಕಿಗೆ ತುತ್ತಾದ ಆ ಮನೆಯನ್ನು ನ್ಯಾಷನಲ್ ಟ್ರಸ್ಟ್ ಮತ್ತೆ ಕಟ್ಟಿಸಿ 1995ರಲ್ಲಿ ಜನರಿಗೆ ತೆರೆಯಿತು. ಹೆಸರು ಕಡಿಮೆಯಾಗಲು ಇನ್ನೊಂದು ದಾರಿ ಯಾರ ಗಮನಕ್ಕೂ ಬಾರದಂಥದು: ಕಾಗುಣಿತ ಹೇಳಿ ಹೇಳಿ ಬೇಸತ್ತವರು ಬಾಲ ಕತ್ತರಿಸಿ ‘ಫೆದರ್‌ಸ್ಟೋನ್’ ಎಂದು ಬರೆದುಕೊಂಡರೆ ಜನ ಉಳಿಯುತ್ತಾರೆ, ಹೆಸರು ಹೋಗುತ್ತದೆ.

ಹೆಸರಿನ ವಿರಳತೆ ಹಾಗೂ ಸಾಮಾನ್ಯತೆ ಎರಡೂ ಒಂದೇ ದೋಣಿಯ ಬಳಿ ಮುಖಾಮುಖಿಯಾದ ಪ್ರಸಂಗವೊಂದಿದೆ. ಜಾರ್ಜ್ ವಿಲಿಯಂ ಫೆದರ್‌ಸ್ಟನ್‌ಹಾ (1780–1866) ಅಮೆರಿಕ ಸರ್ಕಾರದ ಮೊದಲ ಭೂವಿಜ್ಞಾನಿಯಾಗಿ ಕೆಲಸ ಮಾಡಿದವರು, ಮುಂದೆ ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ಬ್ರಿಟಿಷ್ ಕಾನ್ಸಲ್ ಆಗಿದ್ದರು. 1848ರ ಕ್ರಾಂತಿಯಲ್ಲಿ ಪಟ್ಟ ಕಳೆದುಕೊಂಡ ಫ್ರೆಂಚ್ ದೊರೆ ಲೂಯಿ ಫಿಲಿಪ್‌ನನ್ನು ಗುಟ್ಟಾಗಿ ಇಂಗ್ಲೆಂಡಿಗೆ ದಾಟಿಸುವ ಹೊಣೆ ಇವರ ಮೇಲೆ ಬಿದ್ದಿತು. ಇವರು ದೊರೆಯನ್ನು ತಮ್ಮ ಚಿಕ್ಕಪ್ಪನೆಂದು ಕರೆದು ಹಡಗು ಹತ್ತಿಸಿದರು. ದೊರೆಗೆ ಕೊಟ್ಟಿದ್ದ ಸುಳ್ಳು ಹೆಸರು ‘ಸ್ಮಿತ್’. ಫೆದರ್‌ಸ್ಟನ್‌ಹಾ ಎಂದಿದ್ದರೆ ಕಾವಲಿನವರು ಎರಡನೆಯ ಬಾರಿ ಕೇಳುತ್ತಿದ್ದರೇನೋ.

ಪ್ರಶ್ನೆ: ಬ್ರಹ್ಮಗಿರಿಯ ಅಶೋಕನ ಶಾಸನಗಳನ್ನು ಶೋಧಿಸಿದ ಬಿ. ಎಲ್. ರೈಸ್ ಅವರ ಹೆಸರಿನ ‘ರೈಸ್’ ಎಂದರೆ ಅಕ್ಕಿಯೇ? ಗದಗ, ಹಾವೇರಿ ಕಡೆ ‘ಅಕ್ಕಿ’ ಎಂಬ ಅಡ್ಡಹೆಸರಿನವರಿದ್ದಾರಲ್ಲ, ಹಾಗೆ?
— ಓದುಗರು, ಮೊಳಕಾಲ್ಮುರು

ಉತ್ತರ: ಅಲ್ಲ. ಬರಹವೂ ಉಚ್ಚಾರವೂ ಒಂದೇ ಆಗಿ ಅರ್ಥ ಮಾತ್ರ ದಿಕ್ಕು ತಪ್ಪಿಸುವ ಹೆಸರು ಇದು, ಮೇಲಿನದಕ್ಕೆ ತಿರುಗುಮುರುಗು. ವೇಲ್ಸ್ ನಾಡಿನಲ್ಲಿ ‘ರ‍್ಹೀಸ್’ ಎಂಬ ಪುರಾತನ ವ್ಯಕ್ತಿನಾಮವಿದೆ, ಅದರ ಅರ್ಥ ಹುರುಪು, ಆವೇಶ. ಇಂಗ್ಲಿಷ್ ಬರವಣಿಗೆಗೆ ಇಳಿದಾಗ ಅದು ರೀಸ್ ಎಂದೂ ರೈಸ್ ಎಂದೂ ಆಯಿತು, ರೈಸ್ ಎಂಬ ಅಡ್ಡಹೆಸರಿಗೆ ಸಾಮಾನ್ಯವಾಗಿ ಕೊಡುವ ಮೂಲ ಇದೇ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸ್ ಅವರು 1892ರಲ್ಲಿ ನಿಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. ನಮ್ಮ ಜಿಲ್ಲೆಯ ಶಾಸನಗಳನ್ನು ಒಳಗೊಂಡ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದ ಮೇಲೆ ಊರಿನ ಹೆಸರು ಇರುವುದೂ ‘ಚಿತಲ್‌ಡ್ರೂಗ್’ ಎಂದೇ. ವೆಲ್ಷ್ ಭಾಷೆಯಲ್ಲಿ ‘ಅಪ್’ ಎಂದರೆ ‘ಮಗ’. ರ‍್ಹೀಸನ ಮಗ ‘ಅಪ್ ರ‍್ಹೀಸ್’ ಎನ್ನುವುದು ಕೂಡಿಕೊಂಡು ‘ಪ್ರೈಸ್’ ಎಂಬ ಇನ್ನೊಂದು ಅಡ್ಡಹೆಸರಾಯಿತು. ಅದಕ್ಕೂ ಬೆಲೆಗೂ ಸಂಬಂಧವಿಲ್ಲ.